ವೆನಿಸ್‌ನಲ್ಲಿ ನಾಲ್ಕು ರಾತ್ರಿ: ಎರಡು ಮೆಸ್ತ್ರೆಯಲ್ಲಿ, ಎರಡು ಕನ್ನರೇಜೊದಲ್ಲಿ

ವೆನಿಸ್‌ಗೆ ಹೋಗುವವರು ದ್ವೀಪದ ಊರಿನೊಳಗೇ ಉಳಿಯಬೇಕೋ, ದ್ವೀಪವನ್ನು ದಡಕ್ಕೆ ಜೋಡಿಸುವ ಸೇತುವೆಯ ಈಚೆಗಿರುವ ಮೆಸ್ತ್ರೆಯಲ್ಲಿ ಕಡಿಮೆ ಬಾಡಿಗೆಯ ಕೋಣೆ ಹಿಡಿದು ದಿನವೂ ಹೋಗಿಬರಬೇಕೋ ಎಂದು ಕೇಳಿದರೆ, ಒಂದು ರಾತ್ರಿ ಕಡಿಮೆಯಾದರೂ ಚಿಂತೆಯಿಲ್ಲ, ಊರಿನೊಳಗೇ ಉಳಿಯಿರಿ ಎನ್ನುತ್ತೇನೆ. 2025ರ ಮೇ ತಿಂಗಳಿನಲ್ಲಿ ನಾನು ಮತ್ತು ನಮ್ಮವರು ಮ್ಯೂನಿಕ್‌ನಿಂದ ರೈಲಿನಲ್ಲಿ ಹೋಗಿ ಎರಡನ್ನೂ ನೋಡಿದೆವು. ಗುರುವಾರ, ಶುಕ್ರವಾರ ಮೆಸ್ತ್ರೆಯ ಒಂದು ಹೋಟೆಲಿನಲ್ಲಿ ಇದ್ದೆವು, ರಾತ್ರಿಗೆ 85 ಯೂರೋ. ಶನಿವಾರ, ಭಾನುವಾರ ವೆನಿಸ್‌ನ ಉತ್ತರ ಭಾಗದ ಕನ್ನರೇಜೊದಲ್ಲಿ ಅಡುಗೆಮನೆಯಿದ್ದ ಪುಟ್ಟ ಮನೆಯೊಂದರಲ್ಲಿ ಇದ್ದೆವು, ರಾತ್ರಿಗೆ 165 ಯೂರೋ. ನಾಲ್ಕು ರಾತ್ರಿಯೂ ಮೆಸ್ತ್ರೆಯೇ ಸಾಕೆಂದು ಲೆಕ್ಕ ಹಾಕಿದ್ದವಳು ನಾನು. ಎರಡು ರಾತ್ರಿಯಾದರೂ ನೀರಿನ ಪಕ್ಕ ಮಲಗಬೇಕೆಂದು ಹಟ ಹಿಡಿದವರು ಅವರು.

ಮೆಸ್ತ್ರೆಯ ಕೋಣೆಯಲ್ಲಿ ಕೊರತೆಯೇನೂ ಇರಲಿಲ್ಲ. ಲಿಫ್ಟ್ ಇತ್ತು, ಕೋಣೆ ದೊಡ್ಡದಾಗಿತ್ತು, ರೈಲು ನಿಲ್ದಾಣ ಐದು ನಿಮಿಷದ ದಾರಿ. ಅಲ್ಲಿಂದ ದ್ವೀಪದ ಸಾಂತಾ ಲೂಚಿಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು ನಿಮಿಷವಷ್ಟೇ, ಟಿಕೆಟ್ಟಿಗೆ ಒಬ್ಬರಿಗೆ ಒಂದೂವರೆ ಯೂರೋ ಆಸುಪಾಸು. ತೊಂದರೆಯಾದದ್ದು ಮಧ್ಯಾಹ್ನ. ನಮ್ಮವರಿಗೆ ಮಂಡಿನೋವಿದೆ, ಊಟವಾದ ಮೇಲೆ ಒಂದು ಗಂಟೆ ಕಾಲು ಚಾಚಿ ಮಲಗುವುದು ಅವರ ವರ್ಷಗಳ ರೂಢಿ. ಸಾನ್ ಮಾರ್ಕೊ ಚೌಕದಿಂದ ನಿಲ್ದಾಣದವರೆಗೆ ನಡೆದು, ರೈಲು ಹತ್ತಿ, ಮಲಗೆದ್ದು ಮತ್ತೆ ಅದೇ ದಾರಿಯಲ್ಲಿ ಬರುವಷ್ಟರಲ್ಲಿ ಸಂಜೆಯಾಗಿಬಿಡುತ್ತದೆಯಾದ್ದರಿಂದ ನಾವು ಎರಡೂ ದಿನ ಊರಿನಲ್ಲೇ ಉಳಿದೆವು. ಕೂರಲು ಜಾಗ ಬೇಕೆಂದರೆ ಕೆಫೆಯಲ್ಲಿ ಏನಾದರೂ ಕೊಳ್ಳಬೇಕು, ಸಾರ್ವಜನಿಕ ಶೌಚಾಲಯಕ್ಕೆ ಪ್ರತಿ ಸಲ ಒಂದೂವರೆ ಯೂರೋ ಕೊಡಬೇಕು, ಮಧ್ಯಾಹ್ನದ ಊಟ ಹೊರಗೇ ಆಗಬೇಕು. ಸಂಜೆ ಮಂಡಿ ಮಡಚಲಾಗದೆ ವಪೊರೆತ್ತೊ ಹತ್ತಿದರೆ, ಅಂದರೆ ಕಾಲುವೆಗಳಲ್ಲಿ ಓಡುವ ಸಿಟಿ ಬಸ್ಸಿನಂಥ ದೋಣಿಯನ್ನು ಹತ್ತಿದರೆ, 75 ನಿಮಿಷದ ಟಿಕೆಟ್ಟಿಗೆ ತಲಾ 9.50 ಯೂರೋ. ಶುಕ್ರವಾರ ರಾತ್ರಿ ಹೋಟೆಲಿನಲ್ಲಿ ಕೂತು ಚೀಟಿಯಲ್ಲಿ ಬರೆದು ಕೂಡಿದೆ: ಎರಡು ಕೋಣೆಗಳ ನಡುವಿನ 80 ಯೂರೋ ವ್ಯತ್ಯಾಸದಲ್ಲಿ ಅರವತ್ತಕ್ಕೂ ಹೆಚ್ಚು ಆ ಒಂದೇ ದಿನದಲ್ಲಿ ಹೀಗೆ ಕರಗಿಹೋಗಿತ್ತು.

ಇನ್ನು ಕನ್ನರೇಜೊದ ತೊಡಕು. ಅದೂ ಸಣ್ಣದಲ್ಲ, ಮನೆಯನ್ನು ಹುಡುಕುವ ತೊಡಕು. ವೆನಿಸ್‌ನಲ್ಲಿ ಮನೆಗಳಿಗೆ ಸಂಖ್ಯೆ ಕೊಟ್ಟಿರುವುದು ಬೀದಿಯ ಲೆಕ್ಕದಲ್ಲಲ್ಲ, ಇಡೀ ಪೇಟೆಯ ಲೆಕ್ಕದಲ್ಲಿ. ಊರನ್ನು ಸೆಸ್ತಿಯೆರೆ ಎಂಬ ಆರು ಪೇಟೆಗಳಾಗಿ ವಿಂಗಡಿಸಲಾಗಿದೆ, ಪ್ರತಿ ಪೇಟೆಯಲ್ಲೂ ಸಂಖ್ಯೆ ಒಂದರಿಂದ ಆರಂಭವಾಗುತ್ತದೆ, ಕನ್ನರೇಜೊದಲ್ಲಿ ಅದು ಆರು ಸಾವಿರವನ್ನು ದಾಟುತ್ತದೆ. ನಮಗೆ ಬಂದಿದ್ದ ವಿಳಾಸದಲ್ಲಿ ಇದ್ದದ್ದು ಕನ್ನರೇಜೊ ಎಂಬ ಹೆಸರು ಮತ್ತು ನಾಲ್ಕಂಕಿಯ ಒಂದು ಸಂಖ್ಯೆ, ಅಷ್ಟೇ. ಓಣಿಯ ಒಂದು ಬದಿಯಲ್ಲಿ ನಮ್ಮ ಸಂಖ್ಯೆಗೆ ಹತ್ತಿರದ ಮನೆಗಳಿದ್ದರೆ ಎದುರು ಬದಿಯಲ್ಲಿ ಬೇರೆಯೇ ನೂರರ ಸಂಖ್ಯೆಗಳು ಇರುತ್ತಿದ್ದವು, ಏಕೆಂದರೆ ಎಣಿಕೆ ಓಣಿಯುದ್ದಕ್ಕೆ ಸಾಗದೆ ಮನೆಗಳ ಗುಂಪನ್ನು ಸುತ್ತಿಕೊಂಡು ಹೋಗುತ್ತದೆ.

ಓಣಿಯ ಹೆಸರು ತಿಳಿದಿದ್ದರೂ ನೆಚ್ಚುವಂತಿಲ್ಲ. ಕಾಲ್ಲೆ ದೆಲ್ ಫೋರ್ನೊ, ಅಂದರೆ ಬ್ರೆಡ್ ಸುಡುವ ಒಲೆಯ ಓಣಿ, ಎಂಬ ಹೆಸರಿನ ಓಣಿಗಳು ಆ ಊರಿನಲ್ಲಿ ಹಲವು ಇವೆ. ಎತ್ತರದ ಗೋಡೆಗಳ ನಡುವೆ, ಎರಡು ಕೈ ಚಾಚಿದರೆ ಎರಡೂ ಬದಿ ಮುಟ್ಟುವಂಥ ಜಾಗದಲ್ಲಿ, ಮೊಬೈಲ್ ನಕ್ಷೆಯ ನೀಲಿ ಚುಕ್ಕೆ ನಮ್ಮನ್ನು ಕಾಲುವೆಯ ಆಚೆಗಿರುವಂತೆ ತೋರಿಸುತ್ತಿತ್ತು. ನಿಲ್ದಾಣದಿಂದ ಮನೆಗೆ ಇಪ್ಪತ್ತು ನಿಮಿಷದ ನಡಿಗೆ ಎಂದು ಮನೆಯವರು ಬರೆದಿದ್ದರು; ನಮಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಪೊಂತೆ ದೆಲ್ಲೆ ಗುಲ್ಯೆ ಎಂಬ, ನಾಲ್ಕು ಮೂಲೆಗಳಲ್ಲಿ ಮೊನಚು ಕಲ್ಲುಗಂಬಗಳಿರುವ ಸೇತುವೆಯ ಮೆಟ್ಟಿಲುಗಳ ಮೇಲೆ ಎರಡು ಸೂಟ್‌ಕೇಸುಗಳನ್ನು ಎತ್ತಿ ಇಳಿಸಿದ ಮೇಲೆ ದಾರಿ ತಪ್ಪಿ ಹಿಂದಿರುಗಿ, ಅದೇ ಸೇತುವೆಯನ್ನು ಮತ್ತೆ ಎರಡು ಸಲ ದಾಟಬೇಕಾಯಿತು. ಮೂರನೆಯ ಸಲ ನಮ್ಮವರು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಪಕ್ಕದಲ್ಲಿ ಸರಕಿನ ಕೈಗಾಡಿ ತಳ್ಳುತ್ತಿದ್ದವನೊಬ್ಬ ನಮ್ಮ ಚೀಟಿಯ ಸಂಖ್ಯೆ ನೋಡಿ, ಮದೋನ್ನಾ ದೆಲ್ಲೋರ್ತೊ ಇಗರ್ಜಿಯ ಹೆಸರು ಹೇಳಿ ದಿಕ್ಕು ತೋರಿಸಿದ. ಅವನ ಗಾಡಿಯ ಮುಂಭಾಗದಲ್ಲಿ ಸೇತುವೆಯ ಮೆಟ್ಟಿಲು ಏರಿಸಲೆಂದೇ ಜೋಡಿಸಿದ ಎರಡು ಪುಟ್ಟ ಗಾಲಿಗಳಿದ್ದವು. ಒಂದೊಂದು ಮೆಟ್ಟಿಲಿಗೂ ಅವನ್ನು ಊರಿ ಅವನು ಗಾಡಿಯನ್ನು ಮೇಲಕ್ಕೆ ಎಳೆದುಕೊಂಡು ಹೋದ.

ಆದ್ದರಿಂದ ಊರೊಳಗೆ ಮನೆ ಗೊತ್ತುಮಾಡುವವರು ಹಣ ಕಟ್ಟುವ ಮೊದಲೇ ಮೂರು ವಿಷಯ ಕೇಳಿಕೊಳ್ಳಬೇಕು: ಹತ್ತಿರದ ಇಗರ್ಜಿ ಯಾವುದು, ಹತ್ತಿರದ ದೋಣಿ ನಿಲ್ದಾಣ ಯಾವುದು, ಅಲ್ಲಿಂದ ಮನೆಗೆ ಎಷ್ಟು ಸೇತುವೆ. ನಮ್ಮ ಮನೆಯಿಂದ ಓರ್ತೊ ಎಂಬ ದೋಣಿ ನಿಲ್ದಾಣ ನಾಲ್ಕು ನಿಮಿಷದ ದಾರಿಯಲ್ಲಿತ್ತು. ಅದು ಮೊದಲೇ ಗೊತ್ತಿದ್ದರೆ ರೈಲು ನಿಲ್ದಾಣದ ಮುಂದೆಯೇ ದೋಣಿ ಹತ್ತಿ ಇಬ್ಬರಿಗೆ 19 ಯೂರೋದಲ್ಲಿ ಬಂದಿಳಿಯುತ್ತಿದ್ದೆವು, ಆ ಹಣ ದಂಡವೆಂದು ನನಗೆ ಅನ್ನಿಸುತ್ತಿರಲಿಲ್ಲ.

ಸಸ್ಯಾಹಾರಿಗಳಿಗೆ ಅಡುಗೆಮನೆ ದೊಡ್ಡ ಅನುಕೂಲ. ಬಿಗೊಲಿ ಇನ್ ಸಾಲ್ಸಾ ಎಂಬ ಅಲ್ಲಿನ ದಪ್ಪ ಶಾವಿಗೆಯ ತಿನಿಸು ನೋಡಲು ಈರುಳ್ಳಿಯ ಗೊಜ್ಜು ಬೆರೆಸಿದಂತಿರುತ್ತದೆ, ಆದರೆ ಅದರಲ್ಲಿ ಉಪ್ಪು ಹಾಕಿದ ಮೀನು ಕರಗಿಸಿರುತ್ತಾರೆ. ಈ ವಿಷಯದಲ್ಲಿ ಮೆಸ್ತ್ರೆಗೆ ನಾನು ಋಣಿ: ಅಲ್ಲಿನ ರೈಲು ನಿಲ್ದಾಣದ ಸುತ್ತ ಬಾಂಗ್ಲಾದೇಶದವರ ದಿನಸಿ ಅಂಗಡಿಗಳಿವೆ, ಶನಿವಾರ ಹೊರಡುವ ಮೊದಲು ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಕೊಂಡೆ. ಸಾರಿನ ಪುಡಿ ಚೀಲದಲ್ಲಿತ್ತು. ಕನ್ನರೇಜೊದಲ್ಲಿ ಎರಡು ಮಧ್ಯಾಹ್ನವೂ ಅನ್ನ ಸಾರು ಉಂಡು, ನಮ್ಮವರು ಮಲಗಿದ್ದ ಹೊತ್ತಿನಲ್ಲಿ ನಾನೊಬ್ಬಳೇ ಮದೋನ್ನಾ ದೆಲ್ಲೋರ್ತೊ ಇಗರ್ಜಿಗೆ ಹೋಗಿ ತಿಂತೊರೆತ್ತೊನ ಚಿತ್ರಗಳನ್ನು ನೋಡಿ ಬಂದೆ. ಆ ಚಿತ್ರಕಾರನ ಸಮಾಧಿಯೂ ಅಲ್ಲೇ ಇದೆ.

ಪ್ರವೇಶ ಶುಲ್ಕದ ವಿಷಯದಲ್ಲಿ ಎರಡೂ ಸಮ. ಕೆಲವು ನಿಗದಿತ ದಿನಗಳಲ್ಲಿ ಹಗಲು ಬಂದು ಹೋಗುವವರಿಂದ ಹಣ ಪಡೆಯುವ ಪದ್ಧತಿ 2024ರಲ್ಲಿ ಆರಂಭವಾಯಿತು. ಮೆಸ್ತ್ರೆಯೂ ವೆನಿಸ್ ನಗರಸಭೆಗೇ ಸೇರಿದ್ದರಿಂದ ಅಲ್ಲಿ ತಂಗಿದವರಿಗೂ ವಿನಾಯಿತಿ ಇದೆ, ಹತ್ತಿರದ ಬೇರೆ ಊರಾದ ಪಾದುವಾದಲ್ಲಿ ತಂಗಿದರೆ ಇಲ್ಲ.

ಶಬ್ದ ಎರಡೂ ಕಡೆ ಇಲ್ಲ. ಸ್ನಾನದ ಕೋಣೆ ಮೆಸ್ತ್ರೆಯದೇ ಚೆನ್ನಾಗಿತ್ತು.

ಭಾನುವಾರ ಬೆಳಗ್ಗೆ ಆರು ಗಂಟೆಗೆ ಎದ್ದು ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಾಗ ಕಾಲುವೆಯ ದಂಡೆಯಲ್ಲಿ ಯಾರೂ ಇರಲಿಲ್ಲ. ಕಟ್ಟಿಹಾಕಿದ ದೋಣಿಗಳು ನೀಲಿ ಟಾರ್ಪಾಲು ಹೊದ್ದು ಒಂದಕ್ಕೊಂದು ಮೆಲ್ಲಗೆ ತಾಗುತ್ತಿದ್ದವು, ಮನೆಗಳ ಬುಡದಲ್ಲಿ ನೀರು ಇಳಿದ ಮಟ್ಟಕ್ಕೆ ಸರಿಯಾಗಿ ಪಾಚಿಯ ಹಸಿರು ಗೆರೆ ಒದ್ದೆಯಾಗಿ ಹೊಳೆಯುತ್ತಿತ್ತು. ಮೆಸ್ತ್ರೆಯಿಂದ ಮೊದಲ ರೈಲು ಹಿಡಿದರೂ ಈ ಹೊತ್ತು ಸಿಗುತ್ತದೆ ಎಂದು ಯಾರಾದರೂ ಹೇಳಬಹುದು. ನಾವು ಅಲ್ಲಿದ್ದ ಎರಡು ದಿನವೂ ಹಾಗೆ ಹೊರಡಲಿಲ್ಲ, ಮಂಡಿನೋವಿನವರನ್ನು ಐದು ಗಂಟೆಗೆ ಎಬ್ಬಿಸಿ ಹೊರಡಿಸುವ ಮನಸ್ಸೂ ನನಗೆ ಬರಲಿಲ್ಲ.

ಮಕ್ಕಳೊಂದಿಗೆ ನಾಲ್ಕೈದು ಜನ ಹೋಗುವವರು, ಕಾರಿನಲ್ಲಿ ಬರುವವರು, ಮಧ್ಯಾಹ್ನ ಮಲಗುವ ರೂಢಿಯಿಲ್ಲದವರು ಮೆಸ್ತ್ರೆಯನ್ನೇ ಆರಿಸಿಕೊಂಡರೆ ನಾನು ಬೇಡವೆನ್ನುವುದಿಲ್ಲ. ನಾವಿಬ್ಬರು ಮತ್ತೆ ಹೋದರೆ ಮೂರು ರಾತ್ರಿಗೆ ಹೋಗುತ್ತೇವೆ, ಮೂರನ್ನೂ ಕನ್ನರೇಜೊದಲ್ಲೇ ಕಳೆಯುತ್ತೇವೆ. ಅದಕ್ಕೆ 495 ಯೂರೋ ಆಗುತ್ತದೆ, ಈ ಸಲದ ನಾಲ್ಕು ರಾತ್ರಿಗೆ ಕೊಟ್ಟದ್ದಕ್ಕಿಂತ ಐದು ಯೂರೋ ಕಡಿಮೆಯೇ.