ನರ್ಸ್‌ಗಳಿಗೆ ಅಮೆರಿಕವೋ, ಬ್ರಿಟನ್ನೋ?

ಅಮೆರಿಕಕ್ಕೆ ಎನ್‌ಕ್ಲೆಕ್ಸ್-ಆರ್‌ಎನ್ ಎಂಬ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಬೆಂಗಳೂರಲ್ಲೇ ಬರೆಯಬಹುದು. ಲೈಸೆನ್ಸ್ ಕೊಡೋದು ಆಯಾ ರಾಜ್ಯದ ನರ್ಸಿಂಗ್ ಬೋರ್ಡ್. ಓದು, ಲೈಸೆನ್ಸ್, ಇಂಗ್ಲಿಷ್ ಪರಿಶೀಲಿಸುವ ವೀಸಾಸ್ಕ್ರೀನ್ ಪ್ರಮಾಣಪತ್ರವೂ ಬೇಕು. ನರ್ಸಿಂಗ್ 'ಶೆಡ್ಯೂಲ್ ಎ' ಎಂಬ, ಜನ ಸಾಲದ ಕೆಲಸಗಳ ಪಟ್ಟಿಯಲ್ಲಿರುವುದರಿಂದ ಕೆಲಸ ಕೊಡುವ ಆಸ್ಪತ್ರೆಯು ಕಾರ್ಮಿಕ ಇಲಾಖೆಯ ಪ್ರಮಾಣೀಕರಣಕ್ಕೆ ಅಲೆಯಬೇಕಿಲ್ಲ. ಕೊನೆಗೆ ಸಿಗೋದು ನೇರ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಹಕ್ಕು. ಆದರೆ ಭಾರತದಲ್ಲಿ ಹುಟ್ಟಿದವರಿಗೆ ಇಬಿ-3 (ನರ್ಸ್‌ಗಳು ಬರುವ, ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಗ) ಕಾಯುವ ಸಾಲು ವರ್ಷಗಟ್ಟಲೆ. (ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಸಾಲು ಹಿಡಿಯಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ!)

ಬ್ರಿಟನ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ, ಇಲ್ಲೇ ಕಂಪ್ಯೂಟರ್‌ನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ ಸಿಬಿಟಿ. ಕೈಯಲ್ಲಿ ಮಾಡಿ ತೋರಿಸುವ ಆಸ್ಕಿ ಪರೀಕ್ಷೆ ಅಲ್ಲಿಗೆ ಹೋದ ಮೇಲೆ. ಅದು ಪಾಸಾದರೇ ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಸಿಯಲ್ಲಿ ನೋಂದಣಿ. ಬೇಗ ಹೊರಡಬಹುದು, ಆದರೆ ಸಿಗೋದು ಕೆಲಸದ ವೀಸಾ ಅಷ್ಟೆ.

ಬೇಗ ಸಂಬಳ ಬೇಕಿದ್ದರೆ ಬ್ರಿಟನ್ನೇ ವಾಸಿ. ಅಲ್ಲಿದ್ದುಕೊಂಡೇ ಎನ್‌ಕ್ಲೆಕ್ಸ್ ಬರೆದು ಅಮೆರಿಕದ ಸಾಲಲ್ಲೂ ನಿಲ್ಲಬಹುದು, ಅಲ್ವಾ?