ಏರ್‌ಲೈನ್ ಪಾಯಿಂಟ್ಸ್ ಅಂದ್ರೆ ಅಟ್ಟದ ಮೇಲಿನ ಚಾಲಿ ಅಡಿಕೆ ಅಲ್ಲ

ವಿಮಾನದಲ್ಲಿ ಓಡಾಡಿದ್ದಕ್ಕೆ ಏರ್‌ಲೈನ್‌ನವರು ಮೈಲ್ಸ್, ಪಾಯಿಂಟ್ಸ್ ಅಂತ ಕೊಡುತ್ತಾರಲ್ಲ, ಆಮೇಲೆ ಅದರಲ್ಲೇ ಟಿಕೆಟ್ ಮಾಡಬಹುದು ಅಂತ, ಅದನ್ನು ಕೂಡಿಟ್ಟುಕೊಂಡು ಕೂತವರು ಇದನ್ನೊಮ್ಮೆ ಓದಿ. ನಾನು ಆರು ವರ್ಷ ಕೂಡಿಟ್ಟು ಕೆಟ್ಟೆ.

ನಮ್ಮದು ಶಿರಸಿ ಹತ್ತಿರ ತೋಟ. ಚಾಲಿ ಸುಲಿದು ಚೀಲ ತುಂಬಿ ಅಟ್ಟಕ್ಕೆ ಹಾಕಿದ ಮೇಲೆ ದರ ಬರುವ ತನಕ ಅಪ್ಪ ಅಲ್ಲಾಡುವವರಲ್ಲ. ಹಳೇ ಚಾಲಿಗೆ ದರ ಜಾಸ್ತಿ ಅಲ್ವಾ? ಅದೇ ಬುದ್ಧಿ ನನಗೂ ಬಂದಿದೆ. ಕೆಲಸದ ಮೇಲೆ ಓಡಾಡಿದ್ದಕ್ಕೆ ಬಂದ ಪಾಯಿಂಟ್ಸನ್ನು ಒಂದೂ ಮುಟ್ಟದೆ ಇಟ್ಟಿದ್ದೆ, ಆಯಿ-ಅಪ್ಪನನ್ನು ಗೋವಾದಿಂದ ಕಾಶಿಗೆ ಕಳಿಸಬೇಕು ಅಂತ.

ಎಲ್ಲಿಗೆ ಹೋಗಲು ಎಷ್ಟು ಪಾಯಿಂಟ್ಸ್ ಅಂತ ಏರ್‌ಲೈನ್‌ನವರದ್ದು ಒಂದು ಚಾರ್ಟ್ ಇತ್ತು. ಅದರ ಪ್ರಕಾರ ಒಬ್ಬರಿಗೆ ಒಂದು ಕಡೆಗೆ 10,000. ಇಬ್ಬರು ಹೋಗಿ ಬರಲು 40,000. ನನ್ನ ಹತ್ತಿರ 31,000 ಇತ್ತು. ಕೊರತೆ ತುಂಬಲು ಕ್ರೆಡಿಟ್ ಕಾರ್ಡಿನ ಪಾಯಿಂಟ್ಸನ್ನೂ ಏರ್‌ಲೈನ್ ಖಾತೆಗೇ ಸುರಿದೆ, 41,200 ಆಯ್ತು. ಒಮ್ಮೆ ಆ ಕಡೆ ಹೋದದ್ದು ಬ್ಯಾಂಕಿಗೆ ವಾಪಸ್ ಬರುವುದಿಲ್ಲ. ಸೀಟು ಸಿಗುತ್ತಾ, ಎಷ್ಟಕ್ಕೆ ಸಿಗುತ್ತಾ ಅಂತ ಮೊದಲು ನೋಡಿ, ಆಮೇಲೆ ಹಾಕಿ. ನಾನು ಉಲ್ಟಾ ಮಾಡಿದೆ.

ನಡುವೆ ಒಂದು ಇ-ಮೇಲ್ ಬಂದಿತ್ತು, 'ನಿಮಗಾಗಿ ಇನ್ನಷ್ಟು ಆಯ್ಕೆಗಳು' ಅಂತ. ಜಾಹೀರಾತು ಅಂದುಕೊಂಡು ಸುಮ್ನೆ ಬಿಟ್ಟೆ.

ಟಿಕೆಟ್ ಮಾಡಲು ಕೂತಾಗ ರಾತ್ರಿ, ಕರೆಂಟ್ ಇಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಕೊನೇ ಕಂಬದ ಹತ್ತಿರ ಮಾತ್ರ. ಅಲ್ಲಿ ಮೊಬೈಲ್ ಎತ್ತಿ ಹಿಡಿದು ನೋಡಿದರೆ ಒಂದು ಸೀಟಿಗೆ 19,500! ಅದರ ಮೇಲೆ ತೆರಿಗೆ, ಶುಲ್ಕ ಬೇರೆ ದುಡ್ಡಲ್ಲೇ ಕೊಡಬೇಕು, 1,300 ರೂಪಾಯಿ. ಅದೇ ವಿಮಾನದ ಟಿಕೆಟ್ ದುಡ್ಡು ಕೊಟ್ಟರೆ 7,800. ಅಂದರೆ 6,500 ರೂಪಾಯಿ ಉಳಿಸಲು 19,500 ಪಾಯಿಂಟ್ಸ್, ಒಂದಕ್ಕೆ 33 ಪೈಸೆ. ಹಳೇ ಲೆಕ್ಕದಲ್ಲಿ 65 ಪೈಸೆ ಬೀಳುತ್ತಿತ್ತು.

ಅಪ್ಪ ಕೇಳಿ ಹೇಳಿದ್ದಿಷ್ಟೇ: "ಅಡಿಕೆಗೆ ಹುಳ ಬಿದ್ರೆ ಚೀಲ ಬಿಚ್ಚಿದಾಗಾದ್ರೂ ಗೊತ್ತಾಗ್ತದೆ."

ಆಗಿದ್ದೇನು ಅಂದರೆ, ಚಾರ್ಟನ್ನೇ ತೆಗೆದಿದ್ದಾರೆ. ಆ 'ಇನ್ನಷ್ಟು ಆಯ್ಕೆಗಳು' ಇ-ಮೇಲ್ ಇದರದ್ದೇ. ಟಿಕೆಟ್ ದರ ಏರಿದ ಹಾಗೆ ಪಾಯಿಂಟ್ಸ್ ದರವೂ ಏರುತ್ತದೆ. ಇದೇನು ಹೊಸದಲ್ಲ, ಅಮೆರಿಕದ ಡೆಲ್ಟಾ 2015ರಲ್ಲೇ ಚಾರ್ಟ್ ತೆಗೆದಿತ್ತು. ಇನ್ನೊಂದು ಕಡೆ ಬ್ಯಾಂಕಿನವರು ಏರ್‌ಲೈನ್‌ಗಳಿಂದ ಪಾಯಿಂಟ್ಸನ್ನು ಸಗಟಲ್ಲಿ ಕೊಂಡು ಕಾರ್ಡ್ ಉಜ್ಜಿದವರಿಗೆಲ್ಲ ಹಂಚುತ್ತಾರೆ. ಪಾಯಿಂಟ್ಸ್ ರಾಶಿ ಬೀಳುತ್ತದೆ, ಸೀಟು ಮಾತ್ರ ಇದ್ದಷ್ಟೇ ಇರುತ್ತದೆ. ನಿಯಮ ಯಾವಾಗ ಬೇಕಾದರೂ ಬದಲಿಸಬಹುದು ಅಂತ ನಾವೇ ಒಪ್ಪಿ ಟಿಕ್ ಹಾಕಿರುತ್ತೇವೆ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಜನರ ಖಾತೆಯಲ್ಲಿ ಮೈಲ್ಸ್ ಇದ್ದವು, ಜೆಟ್‌ನ ವಿಮಾನ ಮಾತ್ರ ಇರಲಿಲ್ಲ.

ಟಿಕೆಟಿಗೆ ಸಾಕಾಗುವಷ್ಟು ಆಗಿದ್ದರೆ ಈ ತಿಂಗಳೇ ಖರ್ಚು ಮಾಡಿ. ದರ ಬರುತ್ತದೆ ಅಂತ ಕಾಯಬೇಡಿ.

ಆಯಿ-ಅಪ್ಪ ಹೋಗುವಾಗ ವಿಮಾನ, ಬರುವಾಗ ಹುಬ್ಬಳ್ಳಿವರೆಗೆ ರೈಲು. ಖಾತೆಯಲ್ಲಿ 2,200 ಉಳಿದಿದೆ. 2,500ಕ್ಕೆ ಒಂದು ಕಾಫಿ ಮಗ್ ಕೊಡ್ತಾರಂತೆ.