ಡಿಟಿಎಚ್‌ನ 'ಅ ಲಾ ಕಾರ್ಟ್': ಬೇಕಾದ್ದೇನೋ ಸಿಗುತ್ತದೆ, ಆದರೆ ಅಗ್ಗವಲ್ಲ

ಡಿಟಿಎಚ್ ಆ್ಯಪ್‌ನಲ್ಲಿ 'ಅ ಲಾ ಕಾರ್ಟ್' ಅಂತ ಒಂದು ಬಟನ್ ಇರುತ್ತದೆ, ಗಮನಿಸಿದ್ದೀರಾ? ನಾನು ಬಳಸುವ ಕಂಪನಿಯ ಆ್ಯಪ್ ತೆರೆದರೆ ಮೊದಲು ಕಾಣೋದು ಪ್ಯಾಕ್‌ಗಳ ಮೆರವಣಿಗೆ. ಫ್ಯಾಮಿಲಿ ಪ್ಯಾಕ್, ಸ್ಪೋರ್ಟ್ಸ್ ಪ್ಯಾಕ್, ಮತ್ತೆ ಅವುಗಳದ್ದೇ ಎಚ್‌ಡಿ ಪ್ಯಾಕ್. ಅದನ್ನೆಲ್ಲ ದಾಟಿ ಕೆಳಗಿಳಿದರೆ ಸಣ್ಣ ಅಕ್ಷರದಲ್ಲಿ ಈ ಫ್ರೆಂಚ್ ಮಾತು. 'ಬಿಡಿ ಚಾನೆಲ್' ಅಂತ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಮಾತು ಬಂದಿದ್ದು ಹೋಟೆಲಿನಿಂದ. ಫ್ರೆಂಚಿನಲ್ಲಿ ಕಾರ್ಟ್ ಅಂದರೆ ಮೆನು ಕಾರ್ಡು. ಅದನ್ನು ನೋಡಿ ಬೇಕಾದ್ದನ್ನಷ್ಟೇ ಹೇಳಿ ತರಿಸಿಕೊಳ್ಳೋದು, ಒಂದೊಂದಕ್ಕೂ ಬೇರೆ ರೇಟು. ಹಳೇ ಕಾಲದ ಫ್ರಾನ್ಸಿನ ಛತ್ರಗಳಲ್ಲಿ ಹೀಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಎಲ್ಲರೂ ಒಂದೇ ಮೇಜಿಗೆ ಕೂತು, ಬಡಿಸಿದ್ದನ್ನು ಉಂಡು, ಗೊತ್ತು ಮಾಡಿದ ದುಡ್ಡು ಕೊಟ್ಟು ಏಳಬೇಕಿತ್ತು. ಅದು 'ತಾಬ್ಲ್ ದೋತ್'. 18ನೇ ಶತಮಾನದ ಕೊನೆಗೆ ಪ್ಯಾರಿಸ್‌ನಲ್ಲಿ ರೆಸ್ಟೋರೆಂಟ್‌ಗಳು ಬಂದವು, ಆರಿಸಿಕೊಂಡು ತಿನ್ನುವುದೂ ಬಂತು. ಮುಂದಿನ ಶತಮಾನದಲ್ಲಿ ಇಂಗ್ಲಿಷಿನವರು 'ಅ ಲಾ ಕಾರ್ಟ್' ಅನ್ನು ಹಾಗೇ ಎತ್ತಿಕೊಂಡರು. ನಮ್ಮ ಲೆಕ್ಕದಲ್ಲಿ ತಾಬ್ಲ್ ದೋತ್ ಅಂದರೆ ಫುಲ್ ಮೀಲ್ಸ್, ಅ ಲಾ ಕಾರ್ಟ್ ಅಂದರೆ ಒಂದು ಪ್ಲೇಟ್ ಇಡ್ಲಿ, ಸಿಂಗಲ್ ವಡೆ. (ಸಾಂಬಾರು ಮತ್ತೆ ಹಾಕಿಸಿಕೊಂಡರೆ ದುಡ್ಡಿಲ್ಲ ಅನ್ನೋದು ನಮ್ಮವರ ಧಾರಾಳ. ಕಟ್ಟುನಿಟ್ಟಿನ ಅ ಲಾ ಕಾರ್ಟ್ ಆದರೆ ಪಕ್ಕದ ಪಲ್ಯಕ್ಕೂ ಬಿಲ್ಲು.)

ಟಿವಿಯಲ್ಲಿ ನಮಗೆ ಇದು ರೂಢಿಯಾಗಿದ್ದು ಫೋನ್, ಟಿವಿ ಸೇವೆಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನಿಂದ. ದುಡ್ಡು ಕೊಟ್ಟು ನೋಡುವ ಪ್ರತಿ ಚಾನೆಲ್ಲಿಗೂ ಬಿಡಿ ಬೆಲೆ ಇಡಲೇಬೇಕು, ಗಿರಾಕಿ ಕೇಳಿದರೆ ಬಿಡಿಯಾಗಿ ಕೊಡಲೇಬೇಕು ಅಂತ 2017ರಲ್ಲಿ ನಿಯಮ ಮಾಡಿದರು. ಕೋರ್ಟು ಕಚೇರಿ ಎಲ್ಲ ಸುತ್ತಿ 2019ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು.

ಸರ್ವಿಸ್ ಹೇಗಿದೆ ಅಂದರೆ, ಬಿಡಿ ಚಾನೆಲ್ ಹಾಕೋದು, ತೆಗೆಯೋದು ಎರಡೂ ಸಲೀಸು. ಟಿಕ್ ಹಾಕಿ ಸ್ವಲ್ಪ ಹೊತ್ತು ಕಾದರೆ ಆಯಿತು. ತಲೆನೋವು ಇರೋದು ಪ್ಯಾಕ್‌ನಲ್ಲಿ. ಅದರೊಳಗಿನ ಒಂದೇ ಒಂದು ಚಾನೆಲ್ ಬೇಡ ಅಂದರೂ ಆಗೋದಿಲ್ಲ, ಇಡೀ ಪ್ಯಾಕ್ ಕಿತ್ತು ಉಳಿದವನ್ನೆಲ್ಲ ಮತ್ತೆ ಒಂದೊಂದಾಗಿ ಹಾಕಿಕೊಂಡು ಕೂರಬೇಕು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ಸರ್, ಅದಕ್ಕಿಂತ ಪ್ಯಾಕೇ ಕಮ್ಮಿಗೆ ಬೀಳುತ್ತೆ, ಹಾಕ್ಬಿಡ್ಲಾ?' ಅಂತಾರೆ. ಸಿಟ್ಟು ಬರುತ್ತದೆ. ಆದರೆ ಅವರು ಹೇಳೋದು ಸುಳ್ಳೇನಲ್ಲ.

ಲೆಕ್ಕ ಹಾಕಿ ನೋಡಿ. 2022ರ ತಿದ್ದುಪಡಿಯ ಪ್ರಕಾರ 19 ರೂಪಾಯಿವರೆಗಿನ ಚಾನೆಲ್‌ಗಳನ್ನು ಪ್ಯಾಕಿಗೆ ಸೇರಿಸಬಹುದು, ಬಿಡಿ ಬೆಲೆಗಳ ಮೊತ್ತದ ಮೇಲೆ ಶೇ. 45ರವರೆಗೆ ರಿಯಾಯಿತಿ ಕೊಡಬಹುದು. ಒಂದೇ ಚಾನೆಲ್ ಕಂಪನಿಯ ಐದು ಚಾನೆಲ್ ಇವೆ, ಬೆಲೆ 19, 19, 12, 6, 4 ರೂಪಾಯಿ ಅಂದುಕೊಳ್ಳಿ. ಒಟ್ಟು 60. ಪ್ಯಾಕ್ 33ಕ್ಕೇ ಸಿಗಬಹುದು. ನಿಮಗೆ ಬೇಕಿರೋದು ಅಮ್ಮನಿಗೆ ಸೀರಿಯಲ್ ಬರೋದು ಒಂದು, ನಿಮಗೆ ಕ್ರಿಕೆಟ್ ಬರೋದು ಒಂದು. ಎರಡೂ 19ರವು, ಬಿಡಿಯಾಗಿ ತಗೊಂಡರೆ 38! ಐದು ತಗೊಂಡವನಿಗಿಂತ ಎರಡು ತಗೊಂಡವನ ಜೇಬಿಗೇ ಜಾಸ್ತಿ ಕತ್ತರಿ. ಇದ್ಯಾವ ನ್ಯಾಯ ಹೇಳಿ.

ಇದರ ಮೇಲೆ ನೆಟ್‌ವರ್ಕ್ ಶುಲ್ಕ ಬೇರೆ, ಅಂದರೆ ಚಾನೆಲ್ ಬೆಲೆಯಲ್ಲದೆ ಕನೆಕ್ಷನ್‌ಗೆ ಅಂತ ಡಿಟಿಎಚ್ ಕಂಪನಿಗೆ ತಿಂಗಳು ತಿಂಗಳು ಕಟ್ಟೋದು. ಮೊದಲು ಅದಕ್ಕೆ 130 ರೂಪಾಯಿ ಮಿತಿ ಇತ್ತು, ಜಿಎಸ್‌ಟಿ ಸೇರಿ 153.40. 2024ರಲ್ಲಿ ಟ್ರಾಯ್ ಆ ಮಿತಿಯನ್ನೂ ತೆಗೆಯಿತು. ಬಿಡಿ ಚಾನೆಲ್ ಎಷ್ಟೇ ಕಮ್ಮಿ ಮಾಡಿಕೊಂಡರೂ ಈ ಶುಲ್ಕ ತಪ್ಪೋದಿಲ್ಲ.

ಹಾಗಂತ ಸುಮ್ನೆ ಪ್ಯಾಕ್ ಹಾಕಿಸಿಕೊಳ್ಳಿ ಅಂತಲೂ ಹೇಳೋದಿಲ್ಲ. ಒಂದೊಂದು ಕಂಪನಿಯಿಂದ ಒಂದೊಂದೇ ಚಾನೆಲ್ ನೋಡುವವರಿಗೆ, ಚಂದನದ ಜೊತೆ ಒಂದೆರಡು ಫ್ರೀ ಟು ಏರ್ (ಬಿಡಿ ಬೆಲೆ ಇಲ್ಲದ) ಚಾನೆಲ್ ಇದ್ದರೆ ಸಾಕು ಅನ್ನುವವರಿಗೆ ಬಿಡಿಯೇ ಲಾಭ. ಐಪಿಎಲ್ ಮುಗಿದ ಕೂಡಲೇ ಸ್ಪೋರ್ಟ್ಸ್ ಚಾನೆಲ್ ತೆಗೆಯುವವರಿಗೂ ಅಷ್ಟೇ. ನನ್ನ ಕಡೆಯಿಂದ 5ಕ್ಕೆ 3 ಸ್ಟಾರ್. ಇನ್ನೊಂದು ಸ್ಟಾರ್ ಕೊಡುತ್ತಿದ್ದೆ, ಆದರೆ ಪಟ್ಟಿಯಲ್ಲಿ ಜಿಎಸ್‌ಟಿ ಬಿಟ್ಟು ಬೆಲೆ ತೋರಿಸಿ, ದುಡ್ಡು ಕಟ್ಟುವ ಪುಟಕ್ಕೆ ಬಂದ ಮೇಲೆ ಶೇ. 18 ಸೇರಿಸುತ್ತಾರೆ.